ಐದು ಜನ ಓಡಿದ ಲೆಕ್ಕ: ಎಲ್‌ಎಸ್‌ಯು ತಂಡದ 2019ರ ಸೀಸನ್

ಮಾನ್ಯ ಸಂಪಾದಕರೇ,

ಅಮೆರಿಕದ ಕಾಲೇಜು ಫುಟ್‌ಬಾಲ್ ಕುರಿತು ನಮ್ಮ ಕ್ರೀಡಾಪುಟಗಳಲ್ಲಿ ಬರುವುದೇ ಅಪರೂಪ. ಬಂದಾಗ ಚೆಂಡನ್ನು ಎದುರಾಳಿಯ ಗಡಿಗೆರೆ ದಾಟಿಸುವ ಟಚ್‌ಡೌನ್ 'ಗೋಲು' ಆಗಿರುತ್ತದೆ, ಗಜ ಮೀಟರ್ ಆಗಿರುತ್ತದೆ. ಅದನ್ನೆಲ್ಲ ನುಂಗಿಕೊಳ್ಳಬಹುದು. ಗಂಟಲಲ್ಲಿ ಇಳಿಯದಿರುವುದು ಒಂದು ವಾಕ್ಯ: 'ಹೊಸ ಕೋಚ್ ಬಂದರು, ತಂಡದ ಆಟದ ಚಹರೆಯೇ ಬದಲಾಯಿತು.' ಬಂದವರು ಏನು ಮಾಡಿದರು, ಯಾವುದನ್ನು ತೆಗೆದು ಯಾವುದನ್ನು ಇಟ್ಟರು ಎಂಬುದು ಆ ವಾಕ್ಯದಲ್ಲಿ ಇರುವುದಿಲ್ಲ. ಮಕ್ಕಳನ್ನು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಕಳಿಸಿ, ಭಾನುವಾರ ಬೆಳಗಿನ ಜಾವ ಐದೂವರೆಗೆ ಎದ್ದು ಅವರ ಶನಿವಾರ ರಾತ್ರಿಯ ಪಂದ್ಯ ನೋಡುವ ಮನೆಗಳು ಈಗ ಕರ್ನಾಟಕದಲ್ಲೂ ಇವೆ. ಅವರಿಗಾದರೂ ಒಂದು ಸರಿಯಾದ ಲೆಕ್ಕ ಸಿಗಲಿ ಎಂದು ಈ ಪತ್ರ.

ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ಲೂಸಿಯಾನ ಸ್ಟೇಟ್ ಯೂನಿವರ್ಸಿಟಿ, ಅಂದರೆ ಬ್ಯಾಟನ್ ರೂಜ್ ಊರಿನ ಎಲ್‌ಎಸ್‌ಯು. 2018ರಲ್ಲಿ ಈ ತಂಡ ಪಂದ್ಯಕ್ಕೆ ಸರಾಸರಿ 32.4 ಅಂಕ ಗಳಿಸಿತ್ತು. 13 ಪಂದ್ಯಗಳಲ್ಲಿ 10 ಗೆಲುವು. 2019ರಲ್ಲಿ 15ಕ್ಕೆ 15 ಗೆಲುವು, ಒಟ್ಟು 726 ಅಂಕ, ಸರಾಸರಿ 48.4. ಪಂದ್ಯವೊಂದಕ್ಕೆ ಕ್ರಮಿಸಿದ ದೂರ ಸುಮಾರು 402 ಗಜದಿಂದ 568 ಗಜಕ್ಕೆ ಏರಿತು. ಪಾಸ್ ಎಸೆಯುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಎರಡೂ ವರ್ಷ ಒಬ್ಬನೇ, ಜೋ ಬರೋ. 2018ರಲ್ಲಿ ಅವನ ನೂರು ಪಾಸ್‌ಗಳಲ್ಲಿ 58ರಷ್ಟು ಕೈಸೇರುತ್ತಿದ್ದವು, ಮರುವರ್ಷ 76. ಪ್ರತಿ ಎಸೆತಕ್ಕೆ ಸಿಕ್ಕ ದೂರ ಏಳೂವರೆ ಗಜ ಚಿಲ್ಲರೆಯಿಂದ ಹತ್ತೂಮುಕ್ಕಾಲು ಗಜವಾಯಿತು. ಟಚ್‌ಡೌನ್ ಪಾಸ್‌ಗಳು 16 ಇದ್ದದ್ದು 60. ಎದುರಾಳಿಯ ಕೈಗೆ ಹೋದ ಪಾಸ್‌ಗಳು 5 ಇದ್ದದ್ದು 6, ಅಷ್ಟೆ. ಎಸೆತದ ದೂರ ಹೆಚ್ಚಿದರೆ ತಪ್ಪೂ ಹೆಚ್ಚಬೇಕು ಎಂಬುದು ಈ ಆಟದ ರೂಢಿ. ಇಲ್ಲಿ ಹಾಗಾಗಲಿಲ್ಲ. ಏಕೆ ಎಂಬುದೇ ವಿಷಯ.

2019ರ ಜನವರಿಯಲ್ಲಿ ಬಂದ ಹೊಸ ಕೋಚ್ ಜೋ ಬ್ರೇಡಿ. ವಯಸ್ಸು 29. ನ್ಯೂ ಆರ್ಲಿನ್ಸ್ ಸೇಂಟ್ಸ್ ಎಂಬ ವೃತ್ತಿಪರ ತಂಡದಲ್ಲಿ ಎರಡು ವರ್ಷ ಕಿರಿಯ ಸಹಾಯಕ, ಅದಕ್ಕೂ ಮುಂಚೆ ಪೆನ್ ಸ್ಟೇಟ್‌ನಲ್ಲಿ ಸಹಾಯಕ. ಎಲ್‌ಎಸ್‌ಯುನಲ್ಲಿ ಅವರ ಹುದ್ದೆ ಪಾಸಿಂಗ್ ಗೇಮ್ ಕೋಆರ್ಡಿನೇಟರ್ ಮತ್ತು ರಿಸೀವರ್‌ಗಳ ಕೋಚ್, ಅಂದರೆ ಪಾಸ್ ಆಟದ ಮತ್ತು ಪಾಸ್ ಹಿಡಿಯುವವರ ಹೊಣೆ. ಇಡೀ ಆಕ್ರಮಣದ ಹೊಣೆ ಹೊತ್ತವರು ಬೇರೆ: ಅರವತ್ತು ದಾಟಿದ ಸ್ಟೀವ್ ಎನ್ಸ್‌ಮಿಂಜರ್, ಎಪ್ಪತ್ತರ ದಶಕದಲ್ಲಿ ಇದೇ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಆಗಿದ್ದವರು. ಇಬ್ಬರ ಮೇಲೆ ಮುಖ್ಯ ಕೋಚ್ ಎಡ್ ಓರ್ಜೆರಾನ್. ಈ ಮೂವರ ಪೈಕಿ ಯಾರು ಏನು ಮಾಡಿದರು ಎಂಬುದನ್ನು ಬಿಡಿಸದೆ 'ಹೊಸ ಕೋಚ್' ಎಂದರೆ ಅರ್ಧ ಸತ್ಯ.

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಮೈದಾನದಲ್ಲಿ ಒಂದು ಕಡೆ 11 ಜನ. ಆಕ್ರಮಣದ ಪಾಳಯದಲ್ಲಿ ಐವರು ಲೈನ್‌ಮನ್‌ಗಳು. ಇವರು ಪಾಸ್ ಹಿಡಿಯುವಂತಿಲ್ಲ, ಕೆಲಸ ತಡೆಯುವುದು. ಒಬ್ಬ ಕ್ವಾರ್ಟರ್‌ಬ್ಯಾಕ್. ಉಳಿದ ಐವರು ಓಡಿಹೋಗಿ ಪಾಸ್ ಹಿಡಿಯಬಹುದು. ಹಳೆಯ ಶೈಲಿಯಲ್ಲಿ ಈ ಐವರಲ್ಲಿ ಒಬ್ಬಿಬ್ಬರು, ಸಾಮಾನ್ಯವಾಗಿ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಮತ್ತು ಟೈಟ್ ಎಂಡ್ (ಲೈನ್‌ಮನ್‌ಗಳ ಪಕ್ಕ ನಿಲ್ಲುವವನು), ಹಿಂದೆಯೇ ಉಳಿದು ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುತ್ತಾರೆ. ಕಾವಲಿಗೆ ಏಳು, ಪಾಸ್ ಹಿಡಿಯಲು ಓಡುವವರು ಮೂರು. ಸುರಕ್ಷಿತ ಎನಿಸುತ್ತದೆ. ಆದರೆ ಎದುರಾಳಿ ನಾಲ್ವರನ್ನು ಮಾತ್ರ ನುಗ್ಗಿಸಿ ಏಳು ಜನರನ್ನು ಹಿಂದಿಟ್ಟರೆ, ಓಡಿದ ಮೂವರ ಮೇಲೆ ಏಳು ಜನ. ಕ್ವಾರ್ಟರ್‌ಬ್ಯಾಕ್‌ಗೆ ನಾಲ್ಕು ಸೆಕೆಂಡ್ ಸಿಕ್ಕರೂ ಎಸೆಯಲು ಯಾರೂ ಸಿಗುವುದಿಲ್ಲ. 2018ರ ನವೆಂಬರ್‌ನಲ್ಲಿ ಅಲಬಾಮಾ ಎದುರು ಎಲ್‌ಎಸ್‌ಯು ತವರಿನಲ್ಲೇ 29–0ರಿಂದ ಸೋತಿತು. ಓಟದಿಂದ, ಅಂದರೆ ಪಾಸ್ ಎಸೆಯದೆ ಚೆಂಡು ಹಿಡಿದೇ ಓಡುವ ಆಟದಿಂದ, ಇಡೀ ರಾತ್ರಿ ಸಿಕ್ಕಿದ್ದು 12 ಗಜ. ಓಟ ನಿಂತರೆ ಮುಂದೇನು ಎಂಬುದಕ್ಕೆ ಆ ತಂಡದ ಬಳಿ ಉತ್ತರ ಇರಲಿಲ್ಲ.

2019ರಲ್ಲಿ ಐವರನ್ನೂ ಓಡಿಸಿದರು. ಬಹಳ ಸಲ ಕ್ವಾರ್ಟರ್‌ಬ್ಯಾಕ್ ಪಕ್ಕದಲ್ಲಿ ಒಬ್ಬರೂ ಇಲ್ಲ. ಇದಕ್ಕೆ ಆಟದವರು ಎಂಪ್ಟಿ ಎನ್ನುತ್ತಾರೆ. ಈಗ ಎದುರಾಳಿ ನಾಲ್ವರನ್ನು ನುಗ್ಗಿಸಿದರೆ ಐವರ ಮೇಲೆ ಏಳು. ಐವರನ್ನು ನುಗ್ಗಿಸಿದರೆ ಐವರ ಮೇಲೆ ಆರು, ಲೈನ್‌ಮನ್ ಒಬ್ಬೊಬ್ಬನಿಗೂ ಒಬ್ಬೊಬ್ಬ. ಆರು ಜನ ನುಗ್ಗಿದರೆ ಹಿಂದೆ ಐವರ ಮೇಲೆ ಐವರೇ, ಆಳದಲ್ಲಿ ಕಾಯುವ ಸೇಫ್ಟಿ ಇಲ್ಲ. ಆದರೆ ಆ ಆರನೆಯವನನ್ನು ತಡೆಯುವವರೂ ಇಲ್ಲ. ಅವನು ಎರಡು ಎರಡೂವರೆ ಸೆಕೆಂಡಿನಲ್ಲಿ ಎದೆಯ ಮೇಲೆ ಬಂದು ಬೀಳುತ್ತಾನೆ. ಅಷ್ಟರೊಳಗೆ ಚೆಂಡು ಕೈಬಿಡಬೇಕು, ಅದೂ ಆ ಆರನೆಯವನು ಖಾಲಿ ಮಾಡಿ ಬಂದ ಜಾಗಕ್ಕೆ. ಈ ವ್ಯವಸ್ಥೆಯ ಲಾಭವೂ ಅಪಾಯವೂ ಇದೇ. ಸ್ನ್ಯಾಪ್‌ಗೆ, ಅಂದರೆ ಚೆಂಡು ಹಿಂದಕ್ಕೆ ಬಂದು ಆಟ ಶುರುವಾಗುವುದಕ್ಕೆ, ಮುಂಚೆ ಎದುರಾಳಿಯನ್ನು ಎಣಿಸಲು ಬಾರದ ಕ್ವಾರ್ಟರ್‌ಬ್ಯಾಕ್ ಕೈಗೆ ಇದನ್ನು ಕೊಟ್ಟರೆ ಮೂರನೇ ಪಂದ್ಯದ ಹೊತ್ತಿಗೆ ಅವನು ಆಸ್ಪತ್ರೆಯಲ್ಲಿರುತ್ತಾನೆ.

ಬರೋಗೆ ಎಣಿಸಲು ಬರುತ್ತಿತ್ತು. ಓಹಾಯೋ ಸ್ಟೇಟ್‌ನಲ್ಲಿ ಬೆಂಚಿನ ಮೇಲೆ ಕೂತು, ಅಲ್ಲೇ ಪದವಿ ಮುಗಿಸಿ, 2018ರ ಬೇಸಿಗೆಯ ಹೊತ್ತಿಗೆ ಬ್ಯಾಟನ್ ರೂಜ್‌ಗೆ ಬಂದವನು. ಹೊಸ ತಂಡದವರ ಹೆಸರು ಕಲಿಯುವಷ್ಟರಲ್ಲಿ ಸೀಸನ್ ಶುರುವಾಗಿತ್ತು. 2019ಕ್ಕೆ ಒಂದು ಪೂರ್ತಿ ಚಳಿಗಾಲ, ಒಂದು ಪೂರ್ತಿ ಬೇಸಿಗೆ ಸಿಕ್ಕಿತು. ಸುಧಾರಣೆಯ ಎಷ್ಟು ಪಾಲನ್ನು ಕೋಚ್‌ಗೆ ಬರೆಯಬೇಕು, ಎಷ್ಟನ್ನು ಈ ಎರಡನೇ ವರ್ಷಕ್ಕೆ ಬರೆಯಬೇಕು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಬ್ರೇಡಿ ಬರುವ ಮುನ್ನವೇ, 2019ರ ಜನವರಿ 1ರಂದು ಫಿಯೆಸ್ಟಾ ಬೌಲ್ ಎಂಬ ಸೀಸನ್ ಕೊನೆಯ ಪಂದ್ಯದಲ್ಲಿ ಯುಸಿಎಫ್ ತಂಡದ ಎದುರು ಇದೇ ಬರೋ 394 ಗಜ, 4 ಟಚ್‌ಡೌನ್ ಪಾಸ್ ಎಸೆದಿದ್ದ. ಅಂದು ಆಟ ಕರೆದವರು, ಅಂದರೆ ಪ್ರತಿ ಸಲ ಯಾವ ಆಟ ಆಡಬೇಕೆಂದು ಹೇಳಿದವರು, ಎನ್ಸ್‌ಮಿಂಜರ್. ಹಾಲು ಆಗಲೇ ಕಾಯುತ್ತಿತ್ತು. ಬ್ರೇಡಿ ಬಂದು ಹೆಪ್ಪು ಹಾಕಿದರು ಎಂದರೆ ಹೆಚ್ಚು ಸರಿ.

ಹೆಪ್ಪು ಯಾವುದು? ಮೊದಲನೆಯದು ಜನರನ್ನು ಬದಲಿಸದೆ ಜಾಗವನ್ನು ಬದಲಿಸುವುದು. ಒಬ್ಬ ರನ್ನಿಂಗ್ ಬ್ಯಾಕ್, ಒಬ್ಬ ಟೈಟ್ ಎಂಡ್, ಮೂವರು ರಿಸೀವರ್‌ಗಳು, ಇವರೇ ಐವರು ಬಹುತೇಕ ಇಡೀ ಪಂದ್ಯ ಮೈದಾನದಲ್ಲಿ. ನಿಯಮ ಹೀಗಿದೆ: ಆಕ್ರಮಣದವರು ಆಟಗಾರರನ್ನು ಬದಲಿಸಿದರೆ ರಕ್ಷಣೆಯವರಿಗೂ ಬದಲಿಸಲು ಅಂಪೈರ್ ಸಮಯ ಕೊಡಬೇಕು. ಬದಲಿಸದಿದ್ದರೆ ಕೊಡಬೇಕಾಗಿಲ್ಲ. ಹಾಗಾಗಿ ಒಂದು ಆಟದಲ್ಲಿ ಐವರೂ ಅಗಲಕ್ಕೆ ಹರಡಿ ನಿಂತು, ಮುಂದಿನದರಲ್ಲಿ ಅವರೇ ಒತ್ತಾಗಿ ನಿಂತು ಓಟಕ್ಕೆ ಸಜ್ಜಾದರೆ, ಎದುರಾಳಿ ತನ್ನ ಭಾರದ ಆಟಗಾರನನ್ನು ಒಳತರಲೂ ಆಗದು, ವೇಗದವನನ್ನು ಹೊರಗೆ ಕಳಿಸಲೂ ಆಗದು. ಜಸ್ಟಿನ್ ಜೆಫರ್ಸನ್ 2018ರಲ್ಲಿ ಹೆಚ್ಚಾಗಿ ಅಂಚಿನಲ್ಲಿ ನಿಲ್ಲುತ್ತಿದ್ದವನು. ಮರುವರ್ಷ ಅವನನ್ನು ಒಳಗಿನ ಸ್ಲಾಟ್ ಜಾಗಕ್ಕೆ ತಂದರು. ಅಲ್ಲಿ ಅವನಿಗೆ ಎರಡೂ ಕಡೆ ತಿರುಗಲು ಜಾಗ, ಎದುರಿಗೆ ಬಹಳ ಸಲ ನಿಧಾನದ ಲೈನ್‌ಬ್ಯಾಕರ್ (ರಕ್ಷಣೆಯ ನಡುಸಾಲಿನವನು). 54 ಕ್ಯಾಚ್ ಇದ್ದವನು 111 ಕ್ಯಾಚ್‌ಗೆ ಹೋದ. ಅಂಚನ್ನು ಜಾಮಾರ್ ಚೇಸ್‌ಗೆ ಬಿಟ್ಟರು: 84 ಕ್ಯಾಚ್, 1,780 ಗಜ, 20 ಟಚ್‌ಡೌನ್.

ಅಗಲದ ಮಾತು ಬಂತಲ್ಲ, ಒಂದು ಅಳತೆ ಹೇಳಿಬಿಡುತ್ತೇನೆ. ಮೈದಾನದ ಅಗಲ 160 ಅಡಿ. ಪ್ರತಿ ಆಟ ಶುರುವಾಗುವುದು ಎರಡು ಹ್ಯಾಶ್ ಗುರುತುಗಳ ನಡುವೆ. ಕಾಲೇಜು ಮೈದಾನದಲ್ಲಿ ಈ ಗುರುತುಗಳ ನಡುವಿನ ಅಂತರ 40 ಅಡಿ. ವೃತ್ತಿಪರ ಮೈದಾನದಲ್ಲಿ 18 ಅಡಿ 6 ಅಂಗುಲ. ಅಂದರೆ ಕಾಲೇಜಿನಲ್ಲಿ ಚೆಂಡು ಒಂದು ಹ್ಯಾಶ್ ಮೇಲೆ ಇದ್ದಾಗ ಒಂದು ಬದಿಗೆ 60 ಅಡಿ, ಇನ್ನೊಂದು ಬದಿಗೆ 100 ಅಡಿ. ವೃತ್ತಿಪರ ತಂಡದ ಪುಸ್ತಕವನ್ನು ಹಾಗೇ ತಂದು ಕಾಲೇಜಿನಲ್ಲಿ ತೆರೆದರೆ ಕೆಡುವುದು ಇಲ್ಲಿ: 100 ಅಡಿಯ ಕಡೆಯ ಅಂಚಿಗೆ ಎಸೆಯುವ ಔಟ್ ಪಾಸ್ ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಅಂಚು ಕಾಯುವ ಕಾರ್ನರ್‌ಬ್ಯಾಕ್ ಬಂದು ಕಸಿಯುತ್ತಾನೆ. ಅದೇ ವಿಶಾಲ ಬದಿಯಲ್ಲಿ ಮೂವರನ್ನು ನಿಲ್ಲಿಸಿ ಒಳಮುಖವಾಗಿ ಓಡಿಸಿದರೆ, ಅಷ್ಟು ಜಾಗ ಕಾಯಲು ಎದುರಾಳಿಗೆ ಜನ ಸಾಲುವುದಿಲ್ಲ. ಸೇಂಟ್ಸ್‌ನಿಂದ ತಂದದ್ದನ್ನು ಪೆನ್ ಸ್ಟೇಟ್‌ನಲ್ಲಿ ಕಂಡದ್ದರ ಜತೆ ಬೆರೆಸಿದ್ದು ಬ್ರೇಡಿಯ ಜಾಣತನ.

ಪೆನ್ ಸ್ಟೇಟ್‌ನ ಪಾಲು ಆರ್‌ಪಿಒ, ಅಂದರೆ ರನ್-ಪಾಸ್ ಆಪ್ಷನ್. ಸ್ನ್ಯಾಪ್ ಆದ ಕೂಡಲೇ ಲೈನ್‌ಮನ್‌ಗಳು ಓಟಕ್ಕೆ ತಡೆಯುವಂತೆ ಮುಂದೆ ನುಗ್ಗುತ್ತಾರೆ. ರಿಸೀವರ್ ಪಾಸ್‌ಗೆ ಓಡುತ್ತಾನೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ಒತ್ತಿ ಹಿಡಿದು ಒಬ್ಬನೇ ಒಬ್ಬ ಲೈನ್‌ಬ್ಯಾಕರ್‌ನನ್ನು ನೋಡುತ್ತಾನೆ. ಅವನು ಓಟದ ಕಡೆ ಹೆಜ್ಜೆ ಇಟ್ಟರೆ ಚೆಂಡು ಎಳೆದು ಅವನ ಬೆನ್ನ ಹಿಂದೆ ಎಸೆತ. ನಿಂತಲ್ಲೇ ನಿಂತರೆ ಚೆಂಡು ಓಟಗಾರನಿಗೆ. ಲೈನ್‌ಬ್ಯಾಕರ್ ಏನು ಮಾಡಿದರೂ ತಪ್ಪು. ಕಾಲೇಜು ನಿಯಮದಲ್ಲಿ ಪಾಸ್ ಕೈಬಿಡುವಾಗ ಲೈನ್‌ಮನ್ 3 ಗಜದವರೆಗೆ ಮುಂದೆ ಹೋಗಿರಬಹುದು. ವೃತ್ತಿಪರ ಆಟದಲ್ಲಿ 1 ಗಜ. ಆ ಎರಡು ಗಜದ ರಿಯಾಯಿತಿಯಲ್ಲೇ ಈ ಆಟ ಬದುಕಿರುವುದು. ಕ್ವಾರ್ಟರ್‌ಬ್ಯಾಕ್ ಅರ್ಧ ಸೆಕೆಂಡ್ ಹೆಚ್ಚು ಹಿಡಿದರೆ ಲೈನ್‌ಮನ್ ನಾಲ್ಕನೇ ಗಜಕ್ಕೆ ಕಾಲಿಟ್ಟಿರುತ್ತಾನೆ, 5 ಗಜ ದಂಡ.

ಸೇಂಟ್ಸ್‌ನ ಪಾಲು ರನ್ನಿಂಗ್ ಬ್ಯಾಕ್‌ನನ್ನು ರಿಸೀವರ್ ಆಗಿ ಬಳಸುವುದು. ಕ್ಲೈಡ್ ಎಡ್ವರ್ಡ್ಸ್-ಎಲೇರ್ ಕುಳ್ಳ, ಗಟ್ಟಿ, ತಿರುಗುವುದರಲ್ಲಿ ಬುಗುರಿ. ಅವನು ಐದಾರು ಗಜ ಮುಂದೆ ಓಡಿ ಲೈನ್‌ಬ್ಯಾಕರ್‌ನ ಎದುರು ಬಂದು ನಿರ್ಧರಿಸುತ್ತಾನೆ: ಅವನು ಒಳಗೆ ನಿಂತಿದ್ದರೆ ಹೊರಕ್ಕೆ, ಹೊರಗೆ ನಿಂತಿದ್ದರೆ ಒಳಕ್ಕೆ, ಹಿಂದೆ ಸರಿದಿದ್ದರೆ ಅಲ್ಲೇ ತಿರುಗಿ ನಿಲ್ಲು. ನಮ್ಮ ಕಬಡ್ಡಿಯಲ್ಲಿ ಕಾರ್ನರ್‌ನವನ ಮೈ ಯಾವ ಕಡೆ ವಾಲಿದೆ ನೋಡಿ ರೈಡರ್ ಕಾಲು ಚಾಚುವ ಹಾಗೆ. ವ್ಯತ್ಯಾಸವೆಂದರೆ ರೈಡರ್ ಒಬ್ಬನೇ ನಿರ್ಧರಿಸಿದರೆ ಸಾಕು; ಇಲ್ಲಿ ಹತ್ತು ಗಜ ಹಿಂದೆ ನಿಂತ ಕ್ವಾರ್ಟರ್‌ಬ್ಯಾಕ್ ಅದೇ ಕ್ಷಣ ಅದೇ ನಿರ್ಧಾರಕ್ಕೆ ಬರಬೇಕು. ಒಬ್ಬ ಒಳಗೆಂದು, ಇನ್ನೊಬ್ಬ ಹೊರಗೆಂದು ಓದಿದರೆ ಚೆಂಡು ನೇರ ಎದುರಾಳಿಯ ಕೈಗೆ. ಸೀಸನ್‌ನಲ್ಲಿ ಕಾಲೇಜು ತಂಡಕ್ಕೆ ಕಡ್ಡಾಯ ಅಭ್ಯಾಸದ ಮಿತಿ ವಾರಕ್ಕೆ 20 ಗಂಟೆ. ಅಷ್ಟರಲ್ಲಿ ನೂರು ಬಗೆಯ ಆಟ ಕಲಿಸಲಾಗದು. ಆದ್ದರಿಂದ ಪಾಸ್‌ಗೆ ಓಡುವ ದಾರಿಗಳು ಕೆಲವೇ, ನಿಲ್ಲುವ ಬಗೆ ಹಲವು. ಹೊಸ ಕೋಚ್‌ಗಳು ಹೆಚ್ಚಾಗಿ ಮುಗ್ಗರಿಸುವುದು ಇದನ್ನು ತಲೆಕೆಳಗು ಮಾಡಿ: ಪುಸ್ತಕ ದಪ್ಪವಾಗಿರುತ್ತದೆ, ಹುಡುಗರು ಯೋಚಿಸುತ್ತಾ ಓಡುತ್ತಾರೆ.

ಇದೆಲ್ಲ ಕಾಗದದ ಮೇಲಿನದ್ದಲ್ಲ ಎಂಬುದು ಎರಡನೇ ಪಂದ್ಯದಲ್ಲೇ ಗೊತ್ತಾಯಿತು. 2019ರ ಸೆಪ್ಟೆಂಬರ್ 7, ಆಸ್ಟಿನ್, ಎದುರಾಳಿ ಟೆಕ್ಸಸ್. ಎಲ್‌ಎಸ್‌ಯು 37–31ರಿಂದ ಮುಂದೆ, ಉಳಿದಿರುವುದು ಎರಡೂವರೆ ನಿಮಿಷದ ಆಸುಪಾಸು, ಮೂರನೇ ಡೌನ್ (ನಾಲ್ಕು ಯತ್ನಗಳಲ್ಲಿ ಮೂರನೆಯದು), ಬೇಕಾದ್ದು 17 ಗಜ. ಹಳೆಯ ಎಲ್‌ಎಸ್‌ಯು ಆಗಿದ್ದರೆ ಇಂಥಲ್ಲಿ ಓಟಕ್ಕೆ ಕೊಟ್ಟು ಗಡಿಯಾರ ಓಡಿಸಿ, ಪಂಟ್ ಒದ್ದು ಚೆಂಡನ್ನು ಎದುರಾಳಿಗೆ ಬಿಟ್ಟು, ರಕ್ಷಣೆಯವರ ಮೇಲೆ ಭಾರ ಹಾಕುತ್ತಿತ್ತು. ಈ ಸಲ ಪಾಸ್ ಕರೆದರು. ಟೆಕ್ಸಸ್ ಜನ ಸೇರಿಸಿ ನುಗ್ಗಿತು. ಬರೋ ಒಂದೆರಡು ಹೆಜ್ಜೆ ಮುಂದಕ್ಕೆ ಸರಿದು, ಮೈಮೇಲೆ ಬರುವವರ ಸಂದಿಯಲ್ಲೇ, ನಡು ಮೈದಾನದಲ್ಲಿ ಓಡುತ್ತಿದ್ದ ಜೆಫರ್ಸನ್‌ಗೆ ಎಸೆದ. ಆಳದಲ್ಲಿ ಕಾಯುವವರು ಯಾರೂ ಇರಲಿಲ್ಲ. 61 ಗಜ, ಟಚ್‌ಡೌನ್. ಅಂತಿಮ ಅಂಕ 45–38, ಬರೋನ ಲೆಕ್ಕಕ್ಕೆ 471 ಗಜ. ಮೇಲೆ ಹೇಳಿದ ಆರನೆಯವನ ಲೆಕ್ಕವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಆಟ ಆ ವರ್ಷ ಇನ್ನೊಂದಿಲ್ಲ.

ತಡೆಯಲು ದಾರಿಯೇ ಇರಲಿಲ್ಲವೇ? ಇತ್ತು. ಅಕ್ಟೋಬರ್ 26ರಂದು ಆಬರ್ನ್ ತಂಡ ಮೂವರನ್ನು ಮಾತ್ರ ಮುಂದಿಟ್ಟು ಎಂಟು ಜನರನ್ನು ಹಿಂದಕ್ಕೆ ಬಿಟ್ಟಿತು. ಐವರ ಮೇಲೆ ಎಂಟು. ಕ್ರಿಕೆಟ್ಟಿನಲ್ಲಿ ಫೀಲ್ಡರ್‌ಗಳನ್ನೆಲ್ಲ ಬೌಂಡರಿಗೆ ಕಳಿಸಿದ ಹಾಗೆ: ಸಿಕ್ಸರ್ ಹೋಗುವುದಿಲ್ಲ, ಒಂಟಿ ರನ್ ಕದಿಯಲು ಬಾಗಿಲು ತೆರೆದಿರುತ್ತದೆ. ಎಲ್‌ಎಸ್‌ಯು ಆ ದಿನ ಗಳಿಸಿದ್ದು 23 ಅಂಕ, ಆ ವರ್ಷದ ಕನಿಷ್ಠ. ಆದರೂ 23–20ರಿಂದ ಗೆದ್ದಿತು, ಏಕೆಂದರೆ ಒಂಟಿ ರನ್ ಕದಿಯುವವನು ಇದ್ದ. ಎಡ್ವರ್ಡ್ಸ್-ಎಲೇರ್ 136 ಗಜ ಓಡಿದ. ಪಾಸ್ ಆಕ್ರಮಣ ಸುಧಾರಿಸಿತು ಎಂದು ಬರೆಯುವವರು ಓಟವನ್ನು ಮರೆಯುವುದು ಇಲ್ಲೇ. ಆ ವರ್ಷ ಅವನು 1,414 ಗಜ ಓಡಿದ್ದಾನೆ. ಎರಡು ವಾರದ ನಂತರ ಟಸ್ಕಲೂಸಾದಲ್ಲಿ ಅಲಬಾಮಾ ಎದುರು 46–41ರ ಗೆಲುವಿನಲ್ಲಿ ನಾಲ್ಕು ಟಚ್‌ಡೌನ್ ಅವನದ್ದೇ. ಆ ತಂಡವನ್ನು ಎಲ್‌ಎಸ್‌ಯು 2011ರ ನಂತರ ಸೋಲಿಸಿದ್ದು ಅದೇ ಮೊದಲು.

ಲೈನ್‌ಮನ್‌ಗಳ ಬಗ್ಗೆ ಯಾರೂ ಬರೆಯುವುದಿಲ್ಲ, ಆದ್ದರಿಂದ ನಾಲ್ಕು ಮಾತು. ಐವರೇ ಕಾವಲಿಗೆ ಇರುವಾಗ ಯಾರು ಯಾರನ್ನು ತಡೆಯಬೇಕು ಎಂದು ಸ್ನ್ಯಾಪ್‌ಗೆ ಮುಂಚೆ ಕೂಗಿ ಹೇಳುವುದು ನಡುವಿನ ಸೆಂಟರ್‌ನ ಕೆಲಸ. ಅಲ್ಲಿದ್ದವನು ಲಾಯ್ಡ್ ಕುಶೆನ್‌ಬೆರಿ. ಎದುರಾಳಿ ಆರು ಜನರನ್ನು ಮುಂದೆ ತೋರಿಸಿ, ಸ್ನ್ಯಾಪ್ ಆದಮೇಲೆ ಒಂದು ಬದಿಯ ಇಬ್ಬರನ್ನು ಹಿಂದಕ್ಕೆ ಎಳೆದುಕೊಂಡರೆ ಆ ಬದಿಯ ಲೈನ್‌ಮನ್ ಗಾಳಿಯನ್ನು ತಡೆಯುತ್ತಾ ನಿಲ್ಲುತ್ತಾನೆ. ಇನ್ನೊಂದು ಬದಿಯಲ್ಲಿ ಒಬ್ಬ ಬಿಡುಗಡೆಯಾಗಿ ಬರುತ್ತಾನೆ. ನುಗ್ಗಿದವರು ನಾಲ್ವರೇ, ಆದರೂ ಒಬ್ಬ ತಪ್ಪಿಸಿಕೊಂಡ. ಇಂಥ ಮೋಸದ ಎದುರು ಇಡೀ ವರ್ಷ ನಿಂತ ಈ ಐವರ ಸಾಲಿಗೆ ದೇಶದ ಅತ್ಯುತ್ತಮ ಲೈನ್‌ಗೆ ಕೊಡುವ ಜೋ ಮೂರ್ ಪ್ರಶಸ್ತಿ ಸಿಕ್ಕಿತು.

2020ರ ಜನವರಿ 13ರ ಫೈನಲ್‌ನಲ್ಲಿ, ನಮ್ಮಲ್ಲಿ ಸಂಕ್ರಾಂತಿಯ ಹಿಂದಿನ ದಿನದ ಬೆಳಿಗ್ಗೆ, ಕ್ಲೆಮ್ಸನ್ ತಂಡ ಇದೇ ಬಗೆಯ ಮುಖವಾಡಗಳಿಂದ ಮೊದಲು ಎಲ್‌ಎಸ್‌ಯುವನ್ನು ಕಟ್ಟಿಹಾಕಿ 17–7ರಿಂದ ಮುಂದೆ ಹೋಗಿತ್ತು. ಆದರೆ ನಡುವೆ ಅಷ್ಟು ಜನರನ್ನು ಆಡಿಸಲು ಅಂಚಿನ ಕಾರ್ನರ್‌ಬ್ಯಾಕ್‌ನನ್ನು ಒಂಟಿಯಾಗಿ ಬಿಡಬೇಕು. ಅವನೆದುರು ಇದ್ದವನು ಚೇಸ್. 9 ಕ್ಯಾಚ್, 221 ಗಜ. ವಿರಾಮದ ಹೊತ್ತಿಗೆ 28–17, ಕೊನೆಗೆ 42–25.

ಮನ್ನಣೆಯ ಹಂಚಿಕೆಗೆ ಬರುತ್ತೇನೆ. ಅತ್ಯುತ್ತಮ ಸಹಾಯಕ ಕೋಚ್‌ಗೆ ಕೊಡುವ ಬ್ರಾಯ್ಲ್ಸ್ ಪ್ರಶಸ್ತಿ ಆ ವರ್ಷ ಬ್ರೇಡಿಗೆ ಹೋಯಿತು. ಆಕ್ಷೇಪವಿಲ್ಲ. ಆದರೆ ತನ್ನ ಅರ್ಧ ವಯಸ್ಸಿನವನ ಪುಸ್ತಕವನ್ನು ಕೈಗೆತ್ತಿಕೊಂಡು, ತನ್ನ ಓಟದ ಆಟವನ್ನು ಅದರೊಳಗೆ ಹೊಲಿದು, ಪಂದ್ಯದಲ್ಲಿ ಆಟ ಕರೆಯುತ್ತಿದ್ದವರು ಎನ್ಸ್‌ಮಿಂಜರ್. ಡಿಸೆಂಬರ್ 28ರಂದು ಅಟ್ಲಾಂಟಾದ ಸೆಮಿಫೈನಲ್‌ಗೆ ಕೆಲವೇ ಗಂಟೆ ಮುಂಚೆ ಅವರ ಸೊಸೆ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರು ಮೇಲಿನ ಬೂತ್‌ಗೆ ಹೋಗಿ ಕೂತು ಕೆಲಸ ಮಾಡಿದರು. ಓಕ್ಲಹೋಮಾ ಎದುರು ವಿರಾಮದ ಹೊತ್ತಿಗೆ 49–14. ಬರೋನ ಏಳು ಟಚ್‌ಡೌನ್ ಪಾಸ್‌ಗಳೂ ಆ ಮೊದಲರ್ಧದಲ್ಲೇ. ಅದರ ಸುದ್ದಿಗಳಲ್ಲಿ ಹೊಸ ಕೋಚ್‌ನ ಹೆಸರೇ ದೊಡ್ಡದಾಗಿತ್ತು.

ಫೈನಲ್ ಮುಗಿದ ವಾರದಲ್ಲೇ ಬ್ರೇಡಿ ವೃತ್ತಿಪರ ತಂಡವಾದ ಕೆರೊಲಿನಾ ಪ್ಯಾಂಥರ್ಸ್‌ಗೆ ಹೋದರು. ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಆ ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ ಬರೋ ಮೊದಲ ಆಯ್ಕೆ. ಒಟ್ಟು 14 ಆಟಗಾರರು ಒಂದೇ ಸಲ ಹೊರಟರು. ಚೇಸ್ 2020ರಲ್ಲಿ ಆಡಲಿಲ್ಲ. ಎನ್ಸ್‌ಮಿಂಜರ್ ಇದ್ದರು, ಓರ್ಜೆರಾನ್ ಇದ್ದರು, ಪುಸ್ತಕವೂ ಇತ್ತು. ತಂಡ 5 ಗೆದ್ದು 5 ಸೋತಿತು. ಸೋಲುಗಳಲ್ಲಿ ರಕ್ಷಣೆಯ ಪಾಲು ದೊಡ್ಡದು. ಮೊದಲ ಪಂದ್ಯದಲ್ಲೇ ಮಿಸಿಸಿಪಿ ಸ್ಟೇಟ್‌ಗೆ 44 ಅಂಕ ಬಿಟ್ಟುಕೊಟ್ಟಿದ್ದು ಆಕ್ರಮಣದವರಲ್ಲ. ಆದರೆ ಆರನೆಯವನನ್ನು ಕಣ್ಣಿನಿಂದಲೇ ನಿಭಾಯಿಸುವ ಹುಡುಗ ಹೋದಮೇಲೆ ಐವರನ್ನೂ ಓಡಿಸುವ ಧೈರ್ಯ ಯಾವ ಕೋಚ್‌ಗೂ ಅಷ್ಟು ಸಲೀಸಲ್ಲ.

ಆದ್ದರಿಂದ ಒಂದು ವಿನಂತಿ. ಮುಂದಿನ ಸಲ ಯಾವುದೇ ಕಾಲೇಜು ತಂಡದ ಆಕ್ರಮಣ ಹೊಸ ಕೋಚ್ ಕೈಯಲ್ಲಿ ಸುಧಾರಿಸಿತು ಎಂಬ ಸುದ್ದಿ ಬಂದಾಗ, ಅಂಕದ ಜತೆ ಎರಡು ಸಂಖ್ಯೆ ಹಾಕಿಸಿ: ಪ್ರತಿ ಎಸೆತಕ್ಕೆ ಸಿಕ್ಕ ಗಜ, ಎದುರಾಳಿಯ ಕೈಗೆ ಹೋದ ಪಾಸ್, ಹಿಂದಿನ ವರ್ಷದ್ದೂ ಈ ವರ್ಷದ್ದೂ. ಕ್ವಾರ್ಟರ್‌ಬ್ಯಾಕ್ ಹಳಬನೋ ಹೊಸಬನೋ ಎಂದು ಒಂದು ಸಾಲು. ಆಟ ಕರೆಯುವವರು ಯಾರು ಎಂದು ಇನ್ನೊಂದು ಸಾಲು. ಜಾಗ ಸಾಲದಿದ್ದರೆ 'ಚಹರೆಯೇ ಬದಲಾಯಿತು' ಎಂಬುದನ್ನು ತೆಗೆದುಬಿಡಿ, ಅಷ್ಟು ಜಾಗ ಅಲ್ಲೇ ಸಿಗುತ್ತದೆ. ಟಚ್‌ಡೌನ್‌ಗೆ 6 ಅಂಕ. ಅದು ಗೋಲು ಅಲ್ಲ.

ಇತಿ,
ಕ್ರೀಡಾಪುಟದ ಓದುಗ, ಮೈಸೂರು